ಕ್ಲೆಮೆಂಟೀನ್ ಹಂಟರ್ ಅವರ ಚಿತ್ರಗಳನ್ನು ನೋಡುವುದು ಹೇಗೆ?

ಜನಪದ ಕಲೆಯ ಪಾಠದಲ್ಲಿ ಈ ಹೆಸರು ಬಂದರೆ ಮೂರು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಕಪ್ಪು ಅಮೆರಿಕನ್ ಹೆಂಗಸು, ಓದುಬರಹ ಬಾರದು, ತಾನೇ ಕಲಿತು ಹತ್ತಿ ಹೊಲದ ಚಿತ್ರ ಬರೆದರು. ಮೂರೂ ನಿಜ. ಆದರೆ ಅಷ್ಟನ್ನೇ ತಲೆಯಲ್ಲಿಟ್ಟುಕೊಂಡು ಚಿತ್ರ ನೋಡಿದರೆ ಜಾಸ್ತಿ ಏನೂ ಕಾಣುವುದಿಲ್ಲ. ನನಗೂ ಮೊದಲು ಹಾಗೇ ಆಯಿತು. ಮಕ್ಕಳು ಬರೆದ ಹಾಗಿದೆಯಲ್ಲ ಅಂದುಕೊಂಡು ಪುಟ ತಿರುಗಿಸಿದ್ದೆ. ಎರಡನೇ ಸಲ ನಿಧಾನವಾಗಿ ಕೂತು ನೋಡಿದಾಗ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಊರಿನ ವಿಷಯ. ಅಮೆರಿಕದ ದಕ್ಷಿಣದಲ್ಲಿ ಲೂಯಿಸಿಯಾನ ರಾಜ್ಯ. ಅಲ್ಲಿ ಕೇನ್ ನದಿಯ ದಡದಲ್ಲಿ ಮೆಲ್ರೋಸ್ ಎಂಬ ದೊಡ್ಡ ಹತ್ತಿ ಎಸ್ಟೇಟು. ಹತ್ತಿರದ ಪಟ್ಟಣದ ಹೆಸರನ್ನು ನ್ಯಾಕಟಿಶ್ ಎನ್ನುತ್ತಾರೆ. ಇಂಗ್ಲಿಷ್ ಅಕ್ಷರ ನೋಡಿಕೊಂಡು ಓದಿದರೆ ಖಂಡಿತ ತಪ್ಪುತ್ತೀರಿ, ಎಚ್ಚರ. ಹಂಟರ್ ಹುಟ್ಟಿದ್ದು ಇದೇ ಸೀಮೆಯ ಇನ್ನೊಂದು ಎಸ್ಟೇಟಿನಲ್ಲಿ, 1886ರ ಕೊನೆ ಅಥವಾ 1887ರ ಶುರುವಿನಲ್ಲಿ. ಸುಮಾರು ಹದಿನೈದರ ವಯಸ್ಸಿಗೆ ಮೆಲ್ರೋಸ್‌ಗೆ ಬಂದರು. ಶಾಲೆಗೆ ಹೋದದ್ದು ಕೆಲವೇ ದಿನ. ಆಮೇಲೆ ವರ್ಷಗಟ್ಟಲೆ ಹತ್ತಿ ಬಿಡಿಸಿದರು. ಮುಂದೆ ದೊಡ್ಡ ಮನೆಯಲ್ಲಿ ಅಡುಗೆ, ಬಟ್ಟೆ ಒಗೆಯುವ ಕೆಲಸ. ಮಗು ಹೆರುವ ದಿನ ಬೆಳಗ್ಗೆಯೂ 78 ಪೌಂಡ್, ಅಂದರೆ 35 ಕಿಲೋ ಹತ್ತಿರ ಹತ್ತಿ ಬಿಡಿಸಿದ್ದರು ಎಂದು ಅವರ ಬಗ್ಗೆ ಬರೆದವರೆಲ್ಲ ಹೇಳುತ್ತಾರೆ. ಚಿತ್ರಗಳಲ್ಲಿ ಹತ್ತಿ ಹೊಲ ಮತ್ತೆ ಮತ್ತೆ ಬರುವುದು ಯಾಕೆ ಅಂತ ಬೇರೆ ಹೇಳಬೇಕಾಗಿಲ್ಲ.

ಎಸ್ಟೇಟಿನ ಒಡತಿ ಕ್ಯಾಮಿ ಹೆನ್ರಿ ಅವರಿಗೆ ಕಲೆ, ಸಾಹಿತ್ಯ ಎಂದರೆ ಆಸೆ. ಬರಹಗಾರರು, ಚಿತ್ರಕಾರರು ಬಂದು ತಿಂಗಳುಗಟ್ಟಲೆ ಉಳಿಯುತ್ತಿದ್ದರು. ಅವರಿಗೆ ಅಡುಗೆ ಮಾಡಿ ಹಾಕಿದವರಲ್ಲಿ ಹಂಟರ್ ಕೂಡ ಒಬ್ಬರು. ಇಲ್ಲಿಂದ ಮುಂದೆ ಎಲ್ಲರೂ ಹೇಳುವ ಕಥೆ ಇದು. ನ್ಯೂ ಆರ್ಲಿಯನ್ಸ್‌ನ ಚಿತ್ರಕಾರ್ತಿ ಆಲ್ಬರ್ಟಾ ಕಿನ್ಸಿ ಬಿಟ್ಟುಹೋದ ಬಣ್ಣದ ಟ್ಯೂಬುಗಳು ಹಂಟರ್ ಕೈಗೆ ಸಿಕ್ಕವು. ಹಂಟರ್ ಮೆಲ್ರೋಸ್‌ನಲ್ಲೇ ಉಳಿದಿದ್ದ ಬರಹಗಾರ ಫ್ರಾನ್ಸ್ವಾ ಮಿನ್ಯೋನ್ ಬಳಿಗೆ ಹೋಗಿ, ಮನಸ್ಸು ಮಾಡಿದರೆ ನಾನೂ ಒಂದು ಚಿತ್ರ ‘ಗುರುತು ಹಾಕಬಲ್ಲೆ’, ಅಂದರೆ ಬರೆಯಬಲ್ಲೆ, ಎಂದರು. ಮಿನ್ಯೋನ್ ಒಂದು ಹಳೆಯ ಕಿಟಕಿ ಪರದೆ ಕೊಟ್ಟರು. ಬೆಳಗಾಗುವಷ್ಟರಲ್ಲಿ ಅದರ ಮೇಲೆ ಚಿತ್ರ ಸಿದ್ಧ. ಇದು 1939–40ರ ಸುಮಾರಿನ ಮಾತು. ಹಂಟರ್ ಆಗ ಐವತ್ತು ದಾಟಿದ್ದರು.

ಕಥೆ ಚೆನ್ನಾಗಿದೆ, ಅಲ್ವಾ? ಸ್ವಲ್ಪ ಜಾಸ್ತಿಯೇ ಚೆನ್ನಾಗಿದೆ. ಹೇಳಿದವರು ಮಿನ್ಯೋನ್ ಎಂಬುದು ನೆನಪಿರಲಿ. ತಾನು ಫ್ರಾನ್ಸಿನವನು ಎಂದು ಹೇಳಿಕೊಂಡು ಬದುಕಿದ ಈತ ನಿಜವಾಗಿ ಹುಟ್ಟಿದ್ದು ನ್ಯೂಯಾರ್ಕ್ ರಾಜ್ಯದಲ್ಲಿ, ಫ್ರ್ಯಾಂಕ್ ಎಂಬ ಹೆಸರಿನಲ್ಲಿ. ಹಂಟರ್‌ಗೆ ಬಣ್ಣ ಒದಗಿಸಿದ್ದು, ಪತ್ರಿಕೆಯಲ್ಲಿ ಬರೆದು ಹೆಸರು ಹಬ್ಬಿಸಿದ್ದು ಇವರೇ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ತನ್ನ ಹುಟ್ಟನ್ನೇ ಕಟ್ಟಿ ಹೇಳಿದವರು ಹಂಟರ್ ಕಥೆಗೂ ಒಂದಿಷ್ಟು ಒಗ್ಗರಣೆ ಹಾಕಿರಬಹುದು. ನೋಟ್ಸ್‌ನಲ್ಲಿ ಬರೆಯುವಾಗ ‘ಎಂದು ಹೇಳುತ್ತಾರೆ’ ಎಂದು ಸೇರಿಸಿಕೊಳ್ಳುವುದು ಒಳ್ಳೆಯದು.

ಇನ್ನು ಚಿತ್ರಕ್ಕೆ ಬರೋಣ. ಹಂಟರ್ ಬರೆದದ್ದು ಸಿಕ್ಕಿದ್ದರ ಮೇಲೆ: ರಟ್ಟು, ಹಲಗೆ, ಬಾಟಲಿ, ಸೋರೆ ಬುರುಡೆ, ಬಾಣಲೆ. ಹಗಲೆಲ್ಲ ಮನೆಗೆಲಸ, ರಾತ್ರಿ ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಚಿತ್ರ. ವಿಷಯಗಳು ಸುತ್ತಲಿನವೇ. ಉದ್ದ ಚೀಲ ಎಳೆದುಕೊಂಡು ಹತ್ತಿ ಬಿಡಿಸುವ ಹೆಂಗಸರು, ಪೀಕನ್ ಕಾಯಿ ಆರಿಸುವುದು, ಕರೀ ಹಂಡೆಯ ಕೆಳಗೆ ಬೆಂಕಿ ಹಾಕಿ ಬಟ್ಟೆ ಕುದಿಸುವುದು, ಮದುವೆ, ಸಾವು, ನದಿಯಲ್ಲಿ ದೀಕ್ಷಾಸ್ನಾನ, ಶನಿವಾರ ರಾತ್ರಿಯ ಕುಡಿತ ಮತ್ತು ಜಗಳ. ಜೀನಿಯಾ ಹೂವಿನ ಕುಂಡಗಳಂತೂ ಲೆಕ್ಕವಿಲ್ಲದಷ್ಟು.

ಇಲ್ಲಿ ದೂರ–ಹತ್ತಿರದ ನಿಯಮ (ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು) ಇಲ್ಲ ಎಂದು ಹೇಳಿ ಪಾಠ ಮುಂದೆ ಹೋಗುತ್ತದೆ. ನಾನು ಇಲ್ಲೇ ನಿಲ್ಲುತ್ತೇನೆ. ದೂರ–ಹತ್ತಿರ ಇಲ್ಲದಿದ್ದರೆ ಏನಿದೆ? ಸಾಲುಗಳಿವೆ. ನೆಲವನ್ನು ಪಟ್ಟಿಗಳಾಗಿ ಒಂದರ ಮೇಲೊಂದು ಇಟ್ಟಿರುತ್ತಾರೆ. ದೀಕ್ಷಾಸ್ನಾನದ ಒಂದು ಚಿತ್ರ ಹುಡುಕಿ ನೋಡಿ. ಮೇಲೆ ಚರ್ಚು, ಅಲ್ಲಿಂದ ಸಾಲಾಗಿ ಬರುವ ಬಿಳಿ ಬಟ್ಟೆಯ ಜನ, ಕೆಳಗೆ ನದಿ, ನೀರಿನಲ್ಲಿ ನಿಂತ ಪಾದ್ರಿ. ಇದು ಒಂದು ಕ್ಷಣದ ಫೋಟೋ ಅಲ್ಲ. ಇಡೀ ಬೆಳಗ್ಗೆ ನಡೆದದ್ದನ್ನು ಒಂದೇ ಹಲಗೆಯ ಮೇಲೆ ಹರಡಿದ ಹಾಗೆ. ಕಣ್ಣು ಆ ಸಾಲಿನ ಜೊತೆ ನಡೆದುಕೊಂಡೇ ಹೋಗಬೇಕು.

ಇನ್ನೊಂದು, ಗಾತ್ರ. ಯಾರು ಮುಖ್ಯವೋ ಅವರು ದೊಡ್ಡವರು, ಎಲ್ಲೇ ನಿಂತಿರಲಿ. ಅನೇಕ ಚಿತ್ರಗಳಲ್ಲಿ ಹೆಂಗಸರು ಗಂಡಸರಿಗಿಂತ ದೊಡ್ಡದಾಗಿ ಕಾಣುತ್ತಾರೆ. ಕೆಲವದರಲ್ಲಿ ಕೋಳಿ ಗಾಡಿ ಎಳೆಯುತ್ತದೆ, ಕುದುರೆಯಷ್ಟು ದೊಡ್ಡ ಕೋಳಿ! ಅಳತೆ ಬಾರದೆ ಹಾಗಾಯಿತು ಎನ್ನುವುದು ಸುಲಭದ ಉತ್ತರ. ನನಗದು ಒಪ್ಪಿಗೆಯಿಲ್ಲ. ಬಣ್ಣದ ಆಯ್ಕೆ, ಸಾಲಿನ ಜೋಡಣೆ ಇಷ್ಟು ಗಟ್ಟಿಯಾಗಿರುವವರಿಗೆ ಕೋಳಿ ಎಷ್ಟಿರಬೇಕೆಂದು ಗೊತ್ತಿರಲಿಲ್ಲವೇ? ಅಷ್ಟಲ್ಲದೆ, ಏಸು ಮತ್ತು ದೇವದೂತರನ್ನು ಅವರು ಕಪ್ಪು ಮೈಬಣ್ಣದಲ್ಲಿ ಬರೆದಿದ್ದಾರೆ. ಅದು ಯೋಚಿಸಿ ಮಾಡಿದ್ದು. ಆದ್ದರಿಂದ ತಾನೇ ಕಲಿತವರ ಚಿತ್ರಗಳಿಗೆ ಹೇಳುವ ‘ಮುಗ್ಧ ಕಲೆ’ ಎಂಬ ಮಾತು ಬಳಸುವಾಗ ಹುಷಾರಾಗಿರಿ. ಹತ್ತಿ ಬಿಡಿಸುವುದಕ್ಕಿಂತ ಚಿತ್ರ ಬರೆಯುವುದು ಕಷ್ಟ, ಇದರಲ್ಲಿ ತಲೆ ಬೆವರಬೇಕು ಎಂಬ ಅರ್ಥದಲ್ಲಿ ಹಂಟರ್ ಹೇಳಿದ್ದುಂಟು. ಎರಡನ್ನೂ ಮಾಡಿದವರ ಮಾತು ಅದು.

ಎಲ್ಲವನ್ನೂ ಒಟ್ಟಿಗೆ ನೋಡಬೇಕೆಂದರೆ ಮೆಲ್ರೋಸ್‌ನ ‘ಆಫ್ರಿಕನ್ ಹೌಸ್’ ಎಂಬ ಹಳೆಯ ಕಟ್ಟಡದ ಮಾಳಿಗೆ ಇದೆ. 1955ರಲ್ಲಿ, 68ರ ವಯಸ್ಸಿನಲ್ಲಿ, ಅಲ್ಲಿನ ಗೋಡೆಗಳಿಗಾಗಿ ಒಂಬತ್ತು ದೊಡ್ಡ ಪ್ಲೈವುಡ್ ಹಲಗೆಗಳ ಮೇಲೆ ಕೇನ್ ನದಿಯ ಬದುಕನ್ನು ಬರೆದರು. ಅವರ ಅತಿ ದೊಡ್ಡ ಕೆಲಸ ಇದೇ.

ಅದೇ 1955ರಲ್ಲಿ ನ್ಯೂ ಆರ್ಲಿಯನ್ಸ್‌ನ ಡೆಲ್ಗಾಡೊ ಮ್ಯೂಸಿಯಂನಲ್ಲಿ ಪ್ರದರ್ಶನ ನಡೆಯಿತು. ಅಲ್ಲಿ ಒಂಟಿ ಪ್ರದರ್ಶನ ಸಿಕ್ಕ ಮೊದಲ ಆಫ್ರಿಕನ್ ಅಮೆರಿಕನ್ ಕಲಾವಿದೆ ಇವರು. ಅದೇ ವರ್ಷ ನ್ಯಾಕಟಿಶ್‌ನ ಕಾಲೇಜಿನಲ್ಲೂ ಚಿತ್ರಗಳನ್ನು ಇಟ್ಟಿದ್ದರು. ಆದರೆ ಬಿಳಿಯರು ನೋಡುವ ಹೊತ್ತಿನಲ್ಲಿ ಬರೆದವರಿಗೇ ಒಳಗೆ ಬರಲು ಅವಕಾಶವಿರಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಸ್ನೇಹಿತರೊಬ್ಬರು ಕರೆದುಕೊಂಡು ಹೋಗಿ ತೋರಿಸಿದರು. ಮುಂದೆ ವಿಶ್ವವಿದ್ಯಾಲಯವಾದ ಅದೇ ಕಾಲೇಜು 1986ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. 1988ರ ಜನವರಿ 1ರಂದು ಹಂಟರ್ ತೀರಿಕೊಂಡರು.

ಹಣದ ವಿಷಯ ಚಿಕ್ಕದು. ಮೊದಮೊದಲು ಒಂದು ಚಿತ್ರಕ್ಕೆ 25 ಸೆಂಟ್. ಸುಮ್ನೆ ನೋಡಲು ಬರುವವರು ಹೆಚ್ಚಾದಾಗ ಮನೆ ಮುಂದೆ ಬೋರ್ಡು ಬಂತು: ನೋಡುವುದಕ್ಕೂ 25 ಸೆಂಟ್. ಆಮೇಲೆ ಬೆಲೆ ಸಾವಿರಾರು ಡಾಲರಿಗೆ ಏರಿದ್ದು ಹೆಚ್ಚಾಗಿ ಬೇರೆಯವರ ಕೈಯಲ್ಲಿ.

ಬೆಲೆ ಏರಿದ ಮೇಲೆ ನಕಲೂ ಬಂತು. 2009ರಲ್ಲಿ ಎಫ್‌ಬಿಐ ಲೂಯಿಸಿಯಾನದ ಬ್ಯಾಟನ್ ರೂಜ್ ನಗರದ ಒಂದು ಮನೆ ಶೋಧಿಸಿತು. 2011ರಲ್ಲಿ ಆ ಮನೆಯವರು ಹಂಟರ್ ಹೆಸರಿನಲ್ಲಿ ಚಿತ್ರ ಬರೆದು ಮಾರಿದ್ದನ್ನು ಒಪ್ಪಿಕೊಂಡರು. ‘ಮಕ್ಕಳ ಚಿತ್ರದ ಹಾಗಿದೆ, ಯಾರು ಬೇಕಾದರೂ ಬರೆಯಬಹುದು’ ಎನ್ನುವವರಿಗೆ ಈ ಪ್ರಕರಣ ಹೇಳಿ: ಕೊನೆಗೂ ಸಿಕ್ಕಿಬಿದ್ದರಲ್ಲ! ಕಾಲ ಗುರುತಿಸಲು ಸಹಿ ಒಂದಿಷ್ಟು ಸಹಾಯ ಮಾಡುತ್ತದೆ. ಶುರುವಿನ ಅನೇಕ ಚಿತ್ರಗಳಲ್ಲಿ ಸಹಿಯೇ ಇಲ್ಲ. ಆಮೇಲೆ ಹೆಸರಿನ ಮೊದಲಕ್ಷರಗಳಾದ ಸಿ ಮತ್ತು ಎಚ್. ಮುಂದೆ ಸಿ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿತು. ಕೊನೆಗಾಲದ ಚಿತ್ರಗಳಲ್ಲಿ ಆ ತಿರುಗಿದ ಸಿ, ಎಚ್‌ನ ಮೈಮೇಲೇ ಬಂದು ಕೂತಿರುತ್ತದೆ.