ಕಲ್ಲು ಮುರಿಯುವ ಮೊದಲು ಹರಿದಿತ್ತು

ಉತ್ತರಾಖಂಡದ ಹಿಮಾಲಯದಲ್ಲಿ, ಜೋಶಿಮಠಕ್ಕೆ ಹೋಗುವ ದಾರಿಯಲ್ಲಿ ಹೇಲಂಗ್ ಎಂಬ ಊರು ಸಿಗುತ್ತದೆ. ವಿದ್ಯಾರ್ಥಿಗಳ ಜೊತೆ ಹೋದಾಗ ಅಲ್ಲಿ ಇಳಿಯದೆ ನಾನು ಮುಂದಕ್ಕೆ ಹೋಗುವುದಿಲ್ಲ. ರಸ್ತೆಗಾಗಿ ಕಡಿದ ಬಂಡೆಯಲ್ಲಿ ಕಲ್ಲು ಪದರ ಪದರವಾಗಿ, ಯಾರೋ ಹಿಡಿದು ಎಳೆದ ಹಾಗೆ ಕಾಣುತ್ತದೆ. ಬೆಣಚುಕಲ್ಲಿನ ಬಿಳಿ ಎಳೆಗಳು ಅಲ್ಲಲ್ಲಿ ಮಡಚಿಕೊಂಡಿವೆ. ಪ್ರತಿ ಸಲವೂ ಅದೇ ಪ್ರಶ್ನೆ: "ಸರ್, ಕರಗದೇ ಕಲ್ಲು ಹೀಗೆ ಬಾಗುತ್ತಾ?"

ಬಾಗುತ್ತದೆ. ಬೆಲ್ಲದ ಅಚ್ಚನ್ನು ಚಳಿಗಾಲದ ಬೆಳಿಗ್ಗೆ ಕುಟ್ಟಿದರೆ ಚೂರಾಗುತ್ತದೆ. ಅದನ್ನೇ ಒಲೆ ಪಕ್ಕ ಇಟ್ಟು ನಿಧಾನವಾಗಿ ಒತ್ತಿದರೆ ಮೆತ್ತಗೆ ಬಾಗುತ್ತದೆ. ಕಲ್ಲಿಗೂ ಬಿಸಿ ಬೇಕು, ಪುರುಸೊತ್ತು ಬೇಕು. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೆಣಚುಕಲ್ಲಿನ ಹರಳುಗಳು ಒಳಗೊಳಗೇ ಜಾರುತ್ತಾ ಆಕಾರ ಬದಲಿಸುತ್ತವೆ. ನೆಲದಿಂದ ಹತ್ತು, ಹದಿನೈದು ಕಿಲೋಮೀಟರ್ ಕೆಳಗೆ ಅಷ್ಟು ಬಿಸಿ ಇರುತ್ತದೆ. ಅದೇ ಕಲ್ಲಿನಲ್ಲಿರುವ ಇನ್ನೊಂದು ಖನಿಜ ಫೆಲ್ಡ್‌ಸ್ಪಾರ್ ಇನ್ನೂ ಗಟ್ಟಿ, ಅಷ್ಟಕ್ಕೆ ಬಗ್ಗುವುದಿಲ್ಲ. ಹಾಗಾಗಿ ಸುತ್ತಲಿನ ಕಲ್ಲು ಮೆತ್ತಗಾಗಿ ಹರಿದರೂ ಅದು ಕಣ್ಣಿನ ಆಕಾರದಲ್ಲಿ ಉಳಿದುಬಿಡುತ್ತದೆ. ಆ ಕಣ್ಣಿನ ಎರಡು ತುದಿಗೂ ಬಾಲವಿರುತ್ತದೆ. ಮೇಲಿನ ಬಾಲ ಯಾವ ಕಡೆಗೆ ಎಳೆದುಕೊಂಡಿದೆ ಎಂದು ನೋಡಿದರೆ ಮೇಲಿನ ಕಲ್ಲು ಎತ್ತ ಜಾರಿತು ಅಂತ ತಿಳಿಯುತ್ತದೆ. ಇಲ್ಲಿ ಅದು ದಕ್ಷಿಣಕ್ಕೆ ಜಾರಿದೆ.

ಭಾರತದ ಭೂಫಲಕ ಏಷ್ಯಾಕ್ಕೆ ತಾಗಿದ್ದು ಸುಮಾರು 5 ಕೋಟಿ ವರ್ಷಗಳ ಹಿಂದೆ. ಅದಕ್ಕೂ ಮುಂಚೆ ವರ್ಷಕ್ಕೆ 15 ಸೆಂಟಿಮೀಟರಿನಷ್ಟು ವೇಗದಲ್ಲಿ ಬರುತ್ತಿದ್ದದ್ದು ಆಮೇಲೆ 5ರ ಆಸುಪಾಸಿಗೆ ಇಳಿಯಿತು. ಎರಡು ಖಂಡ ಡಿಕ್ಕಿ ಹೊಡೆದವು, ನೆಲ ಸುಕ್ಕುಗಟ್ಟಿತು, ಬೆಟ್ಟ ಎದ್ದಿತು ಅಂತ ಶಾಲೆಯಲ್ಲಿ ಹೇಳಿಕೊಡುತ್ತೇವೆ ಅಲ್ವಾ? ಅದು ಅರ್ಧ ಚಿತ್ರ ಮಾತ್ರ. ಭಾರತದ ಅಂಚು ಹೋಳು ಹೋಳಾಗಿ ಸೀಳಿ, ಮಂಗಳೂರು ಹೆಂಚಿನ ಹಾಗೆ ಒಂದರ ಮೇಲೊಂದು ಏರಿತು. ಹೇಲಂಗ್‌ನಿಂದ ಜೋಶಿಮಠದವರೆಗಿನ ಪಟ್ಟಿ ಅಂಥ ಒಂದು ದೊಡ್ಡ ಜಾರುವ ವಲಯ. ಸುಮಾರು 2 ಕೋಟಿ ವರ್ಷಗಳ ಹಿಂದೆ ಅದು ಜೋರಾಗಿ ಜಾರುತ್ತಿತ್ತು. ಆಮೇಲೆ ಹೊಸ ಸೀಳುಗಳು ದಕ್ಷಿಣದಲ್ಲಿ ಹುಟ್ಟಿದವು. ಈಗ ಎಲ್ಲಕ್ಕಿಂತ ಹೊಸ ಸೀಳು ಡೆಹ್ರಾಡೂನಿನ ದಕ್ಷಿಣಕ್ಕೆ, ಮೊಹಂಡ್ ಹತ್ತಿರ ಶಿವಾಲಿಕ್ ಬೆಟ್ಟಗಳ ಬುಡದಲ್ಲಿದೆ.

ನನಗೆ ಇಂದಿಗೂ ಬೆರಗು ಹುಟ್ಟಿಸುವ ಸಂಗತಿ ಒಂದಿದೆ. ಆಳದ ಕಲ್ಲು ಜಾಸ್ತಿ ಬೆಂದಿರಬೇಕು, ಮೇಲಿನದು ಕಡಿಮೆ. ಇಲ್ಲಿ ತಿರುಗಾಮುರುಗಾ. ಹೇಲಂಗ್‌ನಿಂದ ಬದರಿನಾಥದ ಕಡೆ ಏರುತ್ತಾ ಹೋದ ಹಾಗೆ ಮೊದಲು ಗಾರ್ನೆಟ್, ಆಮೇಲೆ ನೀಲಿ ಕಯನೈಟ್, ಇನ್ನೂ ಮೇಲೆ ಸಿಲ್ಲಿಮನೈಟ್ ಸಿಗುತ್ತದೆ. ಇವು ಮೂರೂ ಬಿಸಿ ಏರಿದ ಹಾಗೆ ಒಂದರ ನಂತರ ಒಂದು ಹುಟ್ಟುವ ಖನಿಜಗಳು. ಅಂದರೆ ಮೇಲೆ ಹೋದಷ್ಟೂ ಹೆಚ್ಚು ಬೆಂದ ಕಲ್ಲು. ಆಳದಲ್ಲಿ ಬೆಂದ ಹೋಳು ತಣ್ಣನೆಯ ಕಲ್ಲಿನ ಮೇಲೆ ಹತ್ತಿ ಕೂತಿದೆ. ಗಾರ್ನೆಟ್ ಇರುವ ಕಲ್ಲನ್ನು ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿಟ್ಟರೆ ಕೆಲವು ಹರಳುಗಳ ಒಳಗೆ ಸುರುಳಿ ಕಾಣುತ್ತದೆ. ಬೆಳೆಯುತ್ತಾ ಬೆಳೆಯುತ್ತಾ ಹರಳು ಉರುಳಿದ ಗುರುತು ಅದು.

ಆಮೇಲೆ ಕಲ್ಲು ಮೇಲೆ ಬಂತು, ತಣ್ಣಗಾಯಿತು, ಗಡುಸಾಯಿತು. ಹೇಲಂಗ್ ಬಂಡೆಯಲ್ಲಿ ಮಡಿಕೆಗಳನ್ನು ಅಡ್ಡಡ್ಡ ಕತ್ತರಿಸಿದ ನೇರ ಬಿರುಕುಗಳಿವೆ. ಮಡಿಕೆ ಮೊದಲು, ಬಿರುಕು ಆಮೇಲೆ. ಈ ಕ್ರಮ ಓದಲು ಕಲಿತ ವಿದ್ಯಾರ್ಥಿಗೆ ಅರ್ಧ ಹಿಮಾಲಯ ತಿಳಿದ ಹಾಗೆ ಎಂಬುದು ನನ್ನ ನಂಬಿಕೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯ ಪಟ್ಟೆಗಳನ್ನೂ ಹೀಗೇ ಓದಬಹುದು. ಆದರೆ ಅವು ಸುಮಾರು 300 ಕೋಟಿ ವರ್ಷ ಹಳೆಯವು, ಆ ಕಥೆಯೇ ಬೇರೆ.

ಹಿಮಾಲಯ ಇಂದಿಗೂ ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಷ್ಟು ಚಲನೆಯನ್ನು ನುಂಗುತ್ತಿದೆ. ಮೇಲ್ಭಾಗದ ತಣ್ಣನೆಯ ಕಲ್ಲು ಅದನ್ನು ಹಿಡಿದಿಟ್ಟುಕೊಂಡು ಒಮ್ಮೆಲೇ ಬಿಡುತ್ತದೆ. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ 7.8 ತೀವ್ರತೆಯ ಭೂಕಂಪವಾದಾಗ ಕಠ್ಮಂಡು ಸುಮಾರು ಒಂದು ಮೀಟರ್ ಮೇಲೆದ್ದಿತು. ಆ ಭೂಕಂಪದಲ್ಲಿ ಕಲ್ಲು ಜಾರಿದ ಜಾರುಮೈ ಉತ್ತರಕ್ಕೆ, ಟಿಬೆಟ್ ಕಡೆಗೆ ಇನ್ನೂ ಆಳಕ್ಕಿಳಿಯುತ್ತದೆ. ಅಲ್ಲಿ ಕಲ್ಲು ಬಿಸಿಯಾಗಿದೆ, ಮುರಿಯುವುದಿಲ್ಲ. ಹೇಲಂಗ್‌ನಲ್ಲಿ ನಾವು ಕೈಯಿಟ್ಟು ಮುಟ್ಟುವಂಥ ಎಳೆಗಳು, ಕಣ್ಣುಗಳು ಅಲ್ಲಿ ಈಗ ಸದ್ದಿಲ್ಲದೆ ತಯಾರಾಗುತ್ತಿವೆ.