ಟ್ರಿಮ್ ಮಾಡಲು ಹೋಗಿ ತಾರೀಖು ಮಾಯವಾದರೆ

ಜಾವಾಸ್ಕ್ರಿಪ್ಟ್‌ನಲ್ಲಿ ಕೆಲಸ ಮಾಡುವಾಗ, ಫಾರಂನಿಂದ ಬಂದ ಡೇಟಾದಲ್ಲಿ ಸ್ಟ್ರಿಂಗ್‌ಗಳ ಹಿಂದೆ ಮುಂದೆ ಸ್ಪೇಸ್ ಸೇರಿಕೊಂಡಿರುತ್ತದೆ. ಎಲ್ಲವನ್ನೂ ಟ್ರಿಮ್ ಮಾಡಬೇಕು, ಅಂದರೆ ಆ ಸ್ಪೇಸ್ ಕತ್ತರಿಸಬೇಕು. ಡೇಟಾ ಒಂದೇ ಹಂತದ್ದಾದರೆ ಒಂದು ಸಾಲಿನ ಕೆಲಸ. ಆದರೆ ಸಾಮಾನ್ಯವಾಗಿ ಆಬ್ಜೆಕ್ಟ್ ಒಳಗೆ ಅರೇ, ಅದರೊಳಗೆ ಮತ್ತೆ ಆಬ್ಜೆಕ್ಟ್ ಇರುತ್ತದೆ. ಎಷ್ಟು ಆಳ ಅಂತ ಮೊದಲೇ ಗೊತ್ತಿರಲ್ಲ. ಹಾಗಾಗಿ ಲೂಪ್ ಒಳಗೆ ಲೂಪ್ ಬರೆದರೆ ಆಗದು, ರಿಕರ್ಷನ್ ಬೇಕು, ಅಂದರೆ ಫಂಕ್ಷನ್ ತನ್ನನ್ನೇ ಮತ್ತೆ ಕರೆಯಬೇಕು.

ವ್ಯಾಲ್ಯೂ ಅರೇ ಆಗಿದ್ದರೆ ಮ್ಯಾಪ್ ಮಾಡಿ, ಪ್ರತಿಯೊಂದಕ್ಕೂ ಅದೇ ಫಂಕ್ಷನ್ ಕರೆಯಿರಿ. ಆಬ್ಜೆಕ್ಟ್ ಆಗಿದ್ದರೆ ಆಬ್ಜೆಕ್ಟ್.ಎಂಟ್ರೀಸ್‌ನಿಂದ ಕೀ-ವ್ಯಾಲ್ಯೂ ಜೋಡಿಗಳನ್ನು ತೆಗೆದು, ವ್ಯಾಲ್ಯೂಗೆ ಮತ್ತೆ ಅದೇ ಫಂಕ್ಷನ್ ಹಾಕಿ, ಆಬ್ಜೆಕ್ಟ್.ಫ್ರಮ್‌ಎಂಟ್ರೀಸ್‌ನಿಂದ ಹೊಸ ಆಬ್ಜೆಕ್ಟ್ ಕಟ್ಟಿ. ಇದು 2019ರ ಆವೃತ್ತಿಯಿಂದ ಭಾಷೆಯಲ್ಲೇ ಇದೆ. ಸ್ಟ್ರಿಂಗ್ ಸಿಕ್ಕರೆ ಟ್ರಿಮ್, ಬೇರೇನಾದರೂ ಸಿಕ್ಕರೆ ಇದ್ದ ಹಾಗೇ ಬಿಡಿ.

ಇಷ್ಟನ್ನು ಎಲ್ಲರೂ ಸರಿಯಾಗಿಯೇ ಬರೆಯುತ್ತಾರೆ. ಎಡವುವುದು 'ಆಬ್ಜೆಕ್ಟ್ ಆಗಿದ್ದರೆ' ಅನ್ನುವ ಪರೀಕ್ಷೆಯಲ್ಲಿ. ವ್ಯಾಲ್ಯೂ ಯಾವ ಬಗೆಯದು ಅಂತ ಹೇಳುವ ಟೈಪ್‌ಆಫ್ ಒಂದನ್ನೇ ನಂಬಬೇಡಿ. ನಲ್ ಕೊಟ್ಟರೂ ಅದು 'ಆಬ್ಜೆಕ್ಟ್' ಅನ್ನುತ್ತದೆ. ನಲ್ ಆದರೆ ವಾಸಿ, ಎಂಟ್ರೀಸ್‌ಗೆ ಹೋದ ಕೂಡಲೇ ಎರರ್ ಬರುತ್ತದೆ, ಸಿಕ್ಕಿಬೀಳುತ್ತದೆ. ಡೇಟ್ ಹಾಗಲ್ಲ. ಅದರ ಎಂಟ್ರೀಸ್ ಖಾಲಿ ಅರೇ. ಅದರಿಂದ ಕಟ್ಟಿದ್ದು ಖಾಲಿ ಆಬ್ಜೆಕ್ಟ್. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ತಾರೀಖು ಮಾತ್ರ ಮಾಯ. ಮ್ಯಾಪ್, ಸೆಟ್ ಅನ್ನುವ ಸಂಗ್ರಹ ಬಗೆಗಳಿಗೂ ಇದೇ ಗತಿ.

ಹಾಗಾಗಿ ಪ್ರೋಟೋಟೈಪ್, ಅಂದರೆ ಆಬ್ಜೆಕ್ಟ್ ತನ್ನ ಗುಣಗಳನ್ನು ಪಡೆಯುವ ಮೂಲ ಆಬ್ಜೆಕ್ಟ್, ಯಾವುದು ಅಂತ ನೋಡಿ. ಅದು ಆಬ್ಜೆಕ್ಟ್.ಪ್ರೋಟೋಟೈಪ್ ಅಥವಾ ನಲ್ ಆಗಿದ್ದರೆ ಮಾತ್ರ ಒಳಗಿಳಿಯಿರಿ. ಉಳಿದದ್ದನ್ನು ಮುಟ್ಟಬೇಡಿ.

ಡೇಟಾವನ್ನು ಜೇಸನ್ ಪಠ್ಯವಾಗಿ ಬದಲಿಸಿ (ಸ್ಟ್ರಿಂಗಿಫೈ), ಅದರಿಂದ ಮತ್ತೆ ಡೇಟಾ ಕಟ್ಟುವ (ಪಾರ್ಸ್) ಅಡ್ಡದಾರಿಯೂ ಇದೆ. ನಾನು ಬೇಡ ಅನ್ನುತ್ತೇನೆ. ಡೇಟ್ ಸ್ಟ್ರಿಂಗ್ ಆಗುತ್ತದೆ, ಅನ್‌ಡಿಫೈನ್ಡ್ ಇದ್ದ ಕೀ ಹೋಗುತ್ತದೆ, ನ್ಯಾನ್ ('ಸಂಖ್ಯೆಯಲ್ಲ' ಅನ್ನುವ ವ್ಯಾಲ್ಯೂ) ನಲ್ ಆಗುತ್ತದೆ. ಆದರೆ ಕೈಗೆ ಬಂದಿದ್ದೇ ಜೇಸನ್ ಪಠ್ಯವಾದರೆ ಮಾತು ಬೇರೆ. ಆಗ ಜೇಸನ್.ಪಾರ್ಸ್‌ನ ಎರಡನೇ ಆರ್ಗ್ಯುಮೆಂಟ್ ಆಗಿ ರಿವೈವರ್ ಫಂಕ್ಷನ್ (ಪ್ರತಿ ವ್ಯಾಲ್ಯೂವನ್ನೂ ಬದಲಿಸುವ ಫಂಕ್ಷನ್) ಕೊಟ್ಟರೆ ಸಾಕು, ಒಳಗಿನ ವ್ಯಾಲ್ಯೂಗಳಿಂದ ಶುರು ಮಾಡಿ ಹೊರಗೆ ಬರುತ್ತದೆ. ಸ್ಟ್ರಿಂಗ್ ಅಲ್ಲದ್ದನ್ನೂ ರಿಟರ್ನ್ ಮಾಡಲು ಮರೆಯಬೇಡಿ. ಮರೆತರೆ ಇಡೀ ಉತ್ತರವೇ ಅನ್‌ಡಿಫೈನ್ಡ್ ಆಗಿಬಿಡುತ್ತದೆ.

ಇನ್ನೊಂದು. ಬದಲಿಸುವ ಫಂಕ್ಷನ್‌ಗೆ ವ್ಯಾಲ್ಯೂ ಜೊತೆ ಕೀಯನ್ನೂ ಕೊಡಿ. ಪಾಸ್‌ವರ್ಡ್ ಕೂಡ ಸ್ಟ್ರಿಂಗೇ ಅಲ್ವಾ? ಅದರಲ್ಲಿರುವ ಸ್ಪೇಸ್ ಬಳಕೆದಾರರು ಬೇಕಂತಲೇ ಹಾಕಿದ್ದಿರಬಹುದು. ಅದನ್ನು ಟ್ರಿಮ್ ಮಾಡುವ ಹಕ್ಕು ನಮಗಿಲ್ಲ.