ಷೇರುಪೇಟೆಯ ಪದಗಳು: ದುಡ್ಡು ಯಾರ ಕೈಗೆ ಹೋಯಿತು?

ಬಂಡವಾಳ ಮಾರುಕಟ್ಟೆಯ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿದವರು ಕೂಡ ಲೆಕ್ಕ ಬಂದಾಗ ತಡವರಿಸುತ್ತಾರೆ. ಹೊಸ ಪದ ಎದುರಾದಾಗಲೆಲ್ಲ 'ಇಲ್ಲಿ ದುಡ್ಡು ಯಾರಿಂದ ಯಾರಿಗೆ ಹೋಯಿತು?' ಎಂದು ಕೇಳಿಕೊಳ್ಳಿ. ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಪ್ರಾಥಮಿಕ ಮಾರುಕಟ್ಟೆ, ದ್ವಿತೀಯ ಮಾರುಕಟ್ಟೆ

ಬೆಂಗಳೂರಿನ ಇನ್ಫೋಸಿಸ್ 1993ರಲ್ಲಿ ಸಾರ್ವಜನಿಕರಿಗೆ ಷೇರು ನೀಡಿದ್ದು ತಲಾ 95 ರೂಪಾಯಿಗೆ. ಅದರಲ್ಲಿ 10 ರೂಪಾಯಿ ಮುಖಬೆಲೆ (ಕಂಪನಿಯ ಲೆಕ್ಕಪುಸ್ತಕದ ಬೆಲೆ), 85 ರೂಪಾಯಿ ಪ್ರೀಮಿಯಂ (ಅದರ ಮೇಲಿನ ಹೆಚ್ಚುವರಿ). ಕಂಪನಿಯೇ ಹೊಸದಾಗಿ ಹೊರಡಿಸಿದ ಷೇರಿನ ದುಡ್ಡು ಕಂಪನಿಗೇ ಹೋಗುತ್ತದೆ. ಇದು ಪ್ರಾಥಮಿಕ ಮಾರುಕಟ್ಟೆ. ಪೇಟೆಯಲ್ಲಿ ನೋಂದಣಿಯಾದ ದಿನ ವಹಿವಾಟು ಶುರುವಾದದ್ದು 145 ರೂಪಾಯಿಗೆ. ಆ ಹೆಚ್ಚುವರಿ 50 ರೂಪಾಯಿ ಕಂಪನಿಗೆ ಬರಲಿಲ್ಲ, ಷೇರು ಮಾರಿದವರ ಜೇಬಿಗೆ ಹೋಯಿತು. ಇದು ದ್ವಿತೀಯ ಮಾರುಕಟ್ಟೆ. ನಾವು ದಿನವೂ ಮೊಬೈಲಿನಲ್ಲಿ ನೋಡುವ ಬೆಲೆಯೆಲ್ಲ ಇಲ್ಲಿಯದು.

ಐಪಿಒಗೆ (ಕಂಪನಿ ಮೊದಲ ಬಾರಿ ಸಾರ್ವಜನಿಕರಿಗೆ ಷೇರು ನೀಡುವುದು) ಅರ್ಜಿ ಹಾಕಿದಾಗ ದುಡ್ಡು ಖಾತೆಯಿಂದ ಕೂಡಲೇ ಹೋಗುವುದಿಲ್ಲ. ಅಸ್ಬಾ ಪದ್ಧತಿಯಲ್ಲಿ ಅಲ್ಲೇ ತಡೆಹಿಡಿಯಲ್ಪಡುತ್ತದೆ. ಷೇರು ಸಿಕ್ಕರೆ ಮಾತ್ರ ಕಡಿತ. ಅರ್ಜಿಗಳು ಬಿದ್ದುಹೋಗುವುದಕ್ಕೆ ಕಾರಣಗಳು ಬಹುತೇಕ ಇವೇ: ಯುಪಿಐ ಒಪ್ಪಿಗೆಯನ್ನು ಕೊನೆಯ ದಿನ ಸಂಜೆ 5ರೊಳಗೆ ಕೊಡದಿರುವುದು, ಒಂದೇ ಪ್ಯಾನ್‌ನಲ್ಲಿ ಎರಡು ಅರ್ಜಿ ಹಾಕುವುದು, ಬೇರೆಯವರ ಬ್ಯಾಂಕ್ ಖಾತೆಯಿಂದ ಹಣ ಕಟ್ಟುವುದು. ಇನ್ನೊಂದು ಮಾತು. ಬೇಡಿಕೆ ಮುಗಿಬಿದ್ದಾಗ ಸಣ್ಣ ಹೂಡಿಕೆದಾರರಿಗೆ (2 ಲಕ್ಷ ರೂಪಾಯಿವರೆಗಿನ ಅರ್ಜಿ) ಲಾಟರಿ ಎತ್ತಿ ತಲಾ ಒಂದು ಲಾಟ್ (ಅರ್ಜಿ ಹಾಕಬಹುದಾದ ಕನಿಷ್ಠ ಷೇರುಗಳ ಗುಂಪು) ಕೊಡುತ್ತಾರೆ. ಆಗ ಐದು ಲಾಟ್ ಕೇಳಿದವರಿಗೂ ಒಂದು ಲಾಟ್ ಕೇಳಿದವರಿಗೂ ಅವಕಾಶ ಒಂದೇ. ಹೆಚ್ಚು ಕೇಳಿ ಹಣ ಕಟ್ಟಿಹಾಕಿಕೊಳ್ಳುವುದರಿಂದ ಪ್ರಯೋಜನವಿಲ್ಲ. ಬೆಲೆಯ ಜಾಗದಲ್ಲಿ 'ಕಟ್-ಆಫ್' (ಅಂತಿಮವಾಗಿ ನಿಗದಿಯಾಗುವ ಬೆಲೆಗೆ ಒಪ್ಪಿಗೆ) ಗುರುತು ಹಾಕಿ. ಇಲ್ಲದಿದ್ದರೆ ಅಂತಿಮ ಬೆಲೆ ನೀವು ಬರೆದದ್ದಕ್ಕಿಂತ ಮೇಲಾದಾಗ ಅರ್ಜಿ ಲೆಕ್ಕಕ್ಕೇ ಬರುವುದಿಲ್ಲ.

ಖರೀದಿಯ ಗುಂಡಿ ಒತ್ತಿದ ಮೇಲೆ

ಬೆಂಗಳೂರಿಗೂ 1963ರಿಂದ ತನ್ನದೇ ಷೇರು ವಿನಿಮಯ ಕೇಂದ್ರವಿತ್ತು. 2014ರಲ್ಲಿ ಅದು ಮುಚ್ಚಿತು. ಇಂದು ಹುಬ್ಬಳ್ಳಿಯಿಂದ ಹಾಕಿದ ಆರ್ಡರ್ ಕೂಡ ಮುಂಬೈನ ಎನ್‌ಎಸ್‌ಇ ಅಥವಾ ಬಿಎಸ್‌ಇಗೆ ಹೋಗುತ್ತದೆ. ವಹಿವಾಟು ಬೆಳಿಗ್ಗೆ 9:15ರಿಂದ ಮಧ್ಯಾಹ್ನ 3:30. ಸೋಮವಾರ ಕೊಂಡ ಷೇರು ಮಂಗಳವಾರ ಡಿಮ್ಯಾಟ್ ಖಾತೆಗೆ (ಷೇರುಗಳನ್ನು ವಿದ್ಯುನ್ಮಾನ ರೂಪದಲ್ಲಿ ಇಡುವ ಖಾತೆ) ಬರುತ್ತದೆ. ಇದಕ್ಕೆ ಟಿ+1 ಎನ್ನುತ್ತಾರೆ. ಬ್ರೋಕರ್ ನಡುವಿನ ದಾರಿ ಮಾತ್ರ. ಷೇರು ನಿಮ್ಮ ಹೆಸರಿನಲ್ಲಿ ಇರುವುದು ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಎಂಬ ಡಿಪಾಸಿಟರಿಯಲ್ಲಿ. ಅಲ್ಲಿಂದ ಬರುವ ಸಂದೇಶವನ್ನು ಬ್ರೋಕರ್ ಆ್ಯಪ್‌ನ ಅಂಕಿಯೊಂದಿಗೆ ತಾಳೆ ನೋಡುವ ಅಭ್ಯಾಸ ಬೇಕೇ ಬೇಕು.

ಮಾರ್ಕೆಟ್ ಆರ್ಡರ್ ಎಂದರೆ 'ಸಿಕ್ಕ ಬೆಲೆಗೆ ಈಗಲೇ ಕೊಡು', ಲಿಮಿಟ್ ಆರ್ಡರ್ ಎಂದರೆ 'ಇಷ್ಟಕ್ಕಿಂತ ಹೆಚ್ಚು ಕೊಡುವುದಿಲ್ಲ'. ವ್ಯತ್ಯಾಸ ಎಷ್ಟು ಬೀಳುತ್ತದೆ ನೋಡಿ. ಪರದೆಯ ಮೇಲೆ ಕೊನೆಯ ಬೆಲೆ 100.40 ರೂಪಾಯಿ. ಮಾರಲು ನಿಂತವರಲ್ಲಿ 40 ಷೇರು 100.50ಕ್ಕೆ, 25 ಷೇರು 101ಕ್ಕೆ, 200 ಷೇರು 104ಕ್ಕೆ ಇವೆ. ನೀವು 100 ಷೇರಿಗೆ ಮಾರ್ಕೆಟ್ ಆರ್ಡರ್ ಹಾಕಿದರೆ 4,020 + 2,525 + 3,640, ಒಟ್ಟು 10,185 ರೂಪಾಯಿ, ಸರಾಸರಿ 101.85. ಅದೇ 101ರ ಲಿಮಿಟ್ ಹಾಕಿದ್ದರೆ 65 ಷೇರು ಸಿಕ್ಕು ಉಳಿದ 35 ಕಾಯುತ್ತಿದ್ದವು. ವಹಿವಾಟು ತೆಳ್ಳಗಿರುವ ಸಣ್ಣ ಕಂಪನಿಗಳಲ್ಲಿ ಮಾರ್ಕೆಟ್ ಆರ್ಡರ್ ಹಾಕಲೇಬೇಡಿ.

ಮುಖಬೆಲೆ ಎಂಬ ಬಲೆ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಮುಖಬೆಲೆ ಕಂಪನಿಯ ಲೆಕ್ಕಪುಸ್ತಕದ ಅಂಕಿ: 1, 2, 5, 10 ರೂಪಾಯಿ ಹೀಗೆ. ಮಾರುಕಟ್ಟೆ ಬೆಲೆಗೂ ಅದಕ್ಕೂ ನಂಟಿಲ್ಲ. ಆದರೆ ಡಿವಿಡೆಂಡಿನ (ಕಂಪನಿ ಲಾಭದಲ್ಲಿ ಷೇರುದಾರರಿಗೆ ಹಂಚುವ ಪಾಲು) ಶೇಕಡಾವಾರು ಘೋಷಣೆ ಮುಖಬೆಲೆಯ ಮೇಲೆ. 'ಶೇ 300 ಡಿವಿಡೆಂಡ್' ಎಂಬ ಸುದ್ದಿ ಕೇಳಿ ಕಣ್ಣರಳಿಸುವ ಮೊದಲು ಲೆಕ್ಕ ಹಾಕಿ: ಮುಖಬೆಲೆ 2 ರೂಪಾಯಿಯಾದರೆ ಕೈಗೆ ಬರುವುದು ಷೇರಿಗೆ 6 ರೂಪಾಯಿ. ಷೇರಿನ ಬೆಲೆ 600 ಇದ್ದರೆ ನಿಜವಾದ ಗಳಿಕೆ ಶೇ 1 ಮಾತ್ರ.

ದಿನಾಂಕವೂ ಮುಖ್ಯ. ದಾಖಲೆ ದಿನ (ಡಿವಿಡೆಂಡ್ ಯಾರಿಗೆ ಎಂದು ಪಟ್ಟಿ ಮಾಡುವ ದಿನ) ಶುಕ್ರವಾರವಾದರೆ ಗುರುವಾರದೊಳಗೆ ಕೊಂಡಿರಬೇಕು. ಶುಕ್ರವಾರ ಕೊಂಡ ಷೇರು ಖಾತೆಗೆ ಬರುವಷ್ಟರಲ್ಲಿ ಪಟ್ಟಿ ಮುಗಿದಿರುತ್ತದೆ. ಡಿವಿಡೆಂಡಿಗೋಸ್ಕರ ಹಿಂದಿನ ದಿನ ಕೊಂಡು ಮರುದಿನ ಮಾರುವ ಉಪಾಯವೂ ಫಲಿಸದು. ಕಂಪನಿಯಿಂದ ಹೊರಗೆ ಹೋಗುವ ಹಣದಷ್ಟು ಬೆಲೆ ಸಾಮಾನ್ಯವಾಗಿ ಅಂದೇ ಇಳಿಯುತ್ತದೆ, ಮೇಲಾಗಿ ಬಂದ ಡಿವಿಡೆಂಡಿಗೆ ಆದಾಯ ತೆರಿಗೆ ಬೇರೆ.

ಬೋನಸ್‌ನಲ್ಲಿ (ಇರುವ ಷೇರಿಗೆ ಕಂಪನಿ ಉಚಿತವಾಗಿ ಕೊಡುವ ಹೆಚ್ಚುವರಿ ಷೇರು) ಯಾರ ಕೈಗೂ ಹೊಸ ದುಡ್ಡು ಬರುವುದಿಲ್ಲ. 1,200 ರೂಪಾಯಿಯ 50 ಷೇರಿಗೆ 1:1 ಬೋನಸ್ ಬಂದರೆ 600ರ ಆಸುಪಾಸಿನ 100 ಷೇರು. ಮೊತ್ತ ಅದೇ 60,000. ಷೇರು ವಿಭಜನೆಯಲ್ಲೂ ಹಾಗೆಯೇ, ಆದರೆ ಅಲ್ಲಿ ಮುಖಬೆಲೆ ಒಡೆಯುತ್ತದೆ, ಬೋನಸ್‌ನಲ್ಲಿ ಒಡೆಯುವುದಿಲ್ಲ. ತೆರಿಗೆ ಲೆಕ್ಕದಲ್ಲೂ ಭೇದವಿದೆ: ವಿಭಜನೆಯಾದಾಗ ಕೊಂಡ ಬೆಲೆ ಹಂಚಿಹೋಗುತ್ತದೆ, ಬೋನಸ್ ಷೇರಿನ ಕೊಂಡ ಬೆಲೆಯನ್ನು ಸೊನ್ನೆ ಎಂದು ಹಿಡಿಯುತ್ತಾರೆ.

ಪಿ/ಇ ಮತ್ತು ಸೂಚ್ಯಂಕ

ಲಾಭ 200 ಕೋಟಿ, ಷೇರು 10 ಕೋಟಿ: ಪ್ರತಿ ಷೇರಿನ ಗಳಿಕೆ 20 ರೂಪಾಯಿ. ಬೆಲೆ 500 ಇದ್ದರೆ ಪಿ/ಇ (ಬೆಲೆಯನ್ನು ಪ್ರತಿ ಷೇರಿನ ಗಳಿಕೆಯಿಂದ ಭಾಗಿಸಿದ್ದು) 25. ಪಿ/ಇ ಕಡಿಮೆ ಇದ್ದರೆ ಷೇರು ಅಗ್ಗ ಎಂದು ತಟ್ಟನೆ ತೀರ್ಮಾನಿಸಬಾರದು. ಕಂಪನಿ ಆ ವರ್ಷ ಒಂದು ಜಮೀನು ಮಾರಿ ಲಾಭ ತೋರಿಸಿರಬಹುದು. ಉಕ್ಕಿನಂಥ ಉದ್ಯಮದಲ್ಲಿ ಲಾಭ ತುತ್ತತುದಿಯಲ್ಲಿದ್ದಾಗಲೇ ಪಿ/ಇ ಚಿಕ್ಕದಾಗಿ ಕಾಣುವುದುಂಟು.

ಸೆನ್ಸೆಕ್ಸ್‌ನಲ್ಲಿ 30 ಕಂಪನಿ (ಲೆಕ್ಕದ ಆರಂಭ: 1978-79 = 100), ನಿಫ್ಟಿಯಲ್ಲಿ 50 (1995ರ ನವೆಂಬರ್ 3 = 1,000). ಅಂಕ ಬಿಟ್ಟು ಶೇಕಡಾವಾರು ನೋಡಿ: ಸೂಚ್ಯಂಕ 80,000 ಇದ್ದಾಗ 800 ಅಂಕ ಬಿದ್ದರೆ ಶೇ 1 ಅಷ್ಟೇ.

ಬಾಂಡ್: ಬಡ್ಡಿ ಏರಿದರೆ ಬೆಲೆ ಇಳಿಯುವುದೇಕೆ?

ಷೇರು ಕೊಂಡವರು ಪಾಲುದಾರರು, ಬಾಂಡ್ ಕೊಂಡವರು ಸಾಲ ಕೊಟ್ಟವರು. ನಿಮ್ಮ ಹತ್ತಿರ 1,000 ರೂಪಾಯಿಯ, ವರ್ಷಕ್ಕೆ 80 ರೂಪಾಯಿ ಬಡ್ಡಿ ಕೊಡುವ ಬಾಂಡ್ ಇದೆ ಎನ್ನಿ. ಹೊಸ ಬಾಂಡ್‌ಗಳು ಶೇ 9 ಕೊಡಲು ಶುರುಮಾಡಿದರೆ ನಿಮ್ಮದನ್ನು ಯಾರೂ ಪೂರ್ತಿ ಬೆಲೆಗೆ ಕೊಳ್ಳುವುದಿಲ್ಲ. ಒಂದೇ ವರ್ಷ ಬಾಕಿ ಇದ್ದರೆ ಬೆಲೆ 1,080 ÷ 1.09, ಅಂದರೆ ಸುಮಾರು 991. ಹತ್ತು ವರ್ಷ ಬಾಕಿ ಇದ್ದರೆ ಸುಮಾರು 936ಕ್ಕೆ ಇಳಿಯುತ್ತದೆ, ಏಕೆಂದರೆ ಕಡಿಮೆ ಬಡ್ಡಿಯ ನಷ್ಟವನ್ನು ಹತ್ತು ಸಲ ಅನುಭವಿಸಬೇಕು. 936ಕ್ಕೆ ಕೊಂಡವರಿಗೆ ಈಗಿನ ಇಳುವರಿ 80 ÷ 936, ಸುಮಾರು ಶೇ 8.55, ಕೊನೆಗೆ 1,000 ಸಿಗುವುದರಿಂದ ಬರುವ 64 ರೂಪಾಯಿ ಲಾಭವನ್ನೂ ಸೇರಿಸಿದ ಮುಕ್ತಾಯ ಇಳುವರಿ ಶೇ 9.

ಸಾಲಪತ್ರಗಳಲ್ಲಿ ಹೂಡುವ ಮ್ಯೂಚುವಲ್ ಫಂಡಿನ ಎನ್‌ಎವಿ (ಫಂಡಿನ ಒಂದು ಯೂನಿಟ್‌ನ ಬೆಲೆ) ಕೆಲವು ದಿನ ಕುಸಿಯುವುದೂ ಇದೇ ಕಾರಣಕ್ಕೆ. ಯಾರೂ ಸಾಲ ಮುಳುಗಿಸಿರಬೇಕಿಲ್ಲ. ಒಂದೆರಡು ವರ್ಷದಲ್ಲಿ ಬೇಕಾಗುವ ಹಣವನ್ನು ಹತ್ತು ವರ್ಷದ ಬಾಂಡ್‌ಗಳಿರುವ ಫಂಡಿನಲ್ಲಿ ಇಟ್ಟು, ಬಡ್ಡಿ ಏರಿದ ಹೊತ್ತಿನಲ್ಲೇ ತೆಗೆಯಬೇಕಾಗಿ ಬಂದವರು ನಷ್ಟ ಕಾಣುತ್ತಾರೆ. ಫಂಡಿನ ಮಾಸಿಕ ವರದಿಯಲ್ಲಿ 'ಸರಾಸರಿ ಮುಕ್ತಾಯ ಅವಧಿ' ಎಂಬ ಸಾಲು ಇರುತ್ತದೆ. ನಿಮಗೆ ಹಣ ಬೇಕಾಗುವ ಸಮಯವನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಿ, ಆಮೇಲೆ ದುಡ್ಡು ಹಾಕಿ.